ಮುಕ್ತ ಗ್ರಂಥಾಲಯ ತಂತ್ರಾಂಶ ಮತ್ತು ಕನ್ನಡದ ಓದುಗ: ನೊಣವಿನಕೆರೆಯ ನೆಲೆಯಿಂದ ಒಂದು ವಿವೇಚನೆ

ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ನೊಣವಿನಕೆರೆಯೂ ಒಂದು. ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಕೂಡಿದ ಈ ತೆಂಗಿನ ಸೀಮೆಯ ಬದುಕು ಬಹುಮಟ್ಟಿಗೆ ನಿಂತಿರುವುದು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆಯಾಗುವ ಕೊಬ್ಬರಿಯ ಮೇಲೆ. 1990ರ ದಶಕದ ಕೊನೆಯಲ್ಲಿ ದಕ್ಷಿಣ ಭಾರತದ ತೆಂಗಿನ ತೋಟಗಳಿಗೆ ನುಸಿಪೀಡೆ ಹಬ್ಬಿದಾಗ ಅದನ್ನು ಕುರಿತ ತಿಳಿವಳಿಕೆಯ ಪುಸ್ತಿಕೆಗಳು ಕನ್ನಡದಲ್ಲಿಯೂ ಪ್ರಕಟವಾದವು. ಅಂಥ ಪುಸ್ತಿಕೆಯೊಂದು ಗ್ರಂಥಾಲಯದ ಕಪಾಟಿನಲ್ಲಿದೆ ಎಂದಿಟ್ಟುಕೊಳ್ಳೋಣ. ಬೆಳೆಗಾರನು ಬಂದು ‘ನುಸಿ’ ಎಂದು ಕೇಳಿದರೆ ಹಳೆಯ ಮೇಲ್ವಿಚಾರಕರು ಎದ್ದುಹೋಗಿ ಅದನ್ನು ತಂದುಕೊಡಬಲ್ಲರು. ಅವರ ನೆನಪೇ ಅಲ್ಲಿಯ ಸೂಚಿ. ಅವರು ನಿವೃತ್ತರಾದ ಮೇಲೆ ಆ ಸ್ಥಾನಕ್ಕೆ ಬರುವುದು ಗಣಕಯಂತ್ರ. ಅದರಲ್ಲಿ ಪುಸ್ತಿಕೆಯ ಹೆಸರು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬೆರಳಚ್ಚಿಸಿದಂತೆ ದಾಖಲಾಗಿದ್ದರೆ, ವಿಷಯದ ಕಲಂನಲ್ಲಿ ‘ಕೋಕೋನಟ್’ ಎಂಬ ಒಂದೇ ಪದವಿದ್ದರೆ, ಕನ್ನಡದಲ್ಲಿ ಕೇಳಿದ ಬೆಳೆಗಾರನಿಗೆ ದೊರೆಯುವ ಉತ್ತರ ‘ಯಾವ ಪುಸ್ತಕವೂ ಇಲ್ಲ’ ಎಂಬುದೇ. ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ.

ಈ ಪ್ರಶ್ನೆಗೆ ಆಡಳಿತದ ಹಿನ್ನೆಲೆಯೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ನೆಲೆಯಲ್ಲಿ ಬೆಳೆದುಬಂದ ವ್ಯವಸ್ಥೆಯಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಒಳಪಟ್ಟವು. ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂದಿತು. ಗಣಕಯಂತ್ರ, ಅಂತರಜಾಲಗಳು ಹಳ್ಳಿಯ ಗ್ರಂಥಾಲಯಕ್ಕೆ ಕಾಲಿಟ್ಟುದು ಈ ಬದಲಾವಣೆಯ ಜೊತೆಯಲ್ಲಿ. ಯಂತ್ರ ಬಂದ ಮೇಲೆ ಪುಸ್ತಕಗಳ ಸೂಚಿ ಯಾವ ತಂತ್ರಾಂಶದಲ್ಲಿ, ಯಾವ ಲಿಪಿಯಲ್ಲಿ ಇರಬೇಕೆಂಬುದನ್ನು ಇಂದಲ್ಲ ನಾಳೆ ನಿರ್ಧರಿಸಲೇಬೇಕಾಗುತ್ತದೆ.

ತಂತ್ರಾಂಶದ ಆಯ್ಕೆಗಳು ಹಲವಿವೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ‘ಇ-ಗ್ರಂಥಾಲಯ’ ಸರ್ಕಾರಿ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದೆ. ಹೈದರಾಬಾದಿನಲ್ಲಿ ರೂಪುಗೊಂಡ ‘ನ್ಯೂಜೆನ್‌ಲಿಬ್’ 2008ರಲ್ಲಿ ಮುಕ್ತ ತಂತ್ರಾಂಶವೆಂದು ಘೋಷಿತವಾಯಿತು. ಪ್ರಪಂಚದಾದ್ಯಂತ ಹೆಚ್ಚು ಹಬ್ಬಿರುವುದು ‘ಕೋಹಾ’. ಮುಕ್ತ ಎಂಬ ಮಾತಿಗೆ ಇಲ್ಲಿ ಬಿಟ್ಟಿ ಎಂಬ ಅರ್ಥವಿಲ್ಲ. ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು ಎಂಬುದೇ ಅದರ ಅರ್ಥ. ಯಂತ್ರಕ್ಕೆ, ವಿದ್ಯುತ್ತಿಗೆ, ದತ್ತಾಂಶದ ಮರುಪ್ರತಿ ಕಾಯುವುದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ತಿಳಿದವರ ಸಮಯಕ್ಕೆ ತಗಲುವ ವೆಚ್ಚ ಇದ್ದೇ ಇರುತ್ತದೆ. ಇದನ್ನು ಮರೆತು ‘ಹಣ ಕೊಡಬೇಕಾಗಿಲ್ಲ’ ಎಂಬ ಒಂದೇ ಕಾರಣಕ್ಕೆ ಮುಕ್ತ ತಂತ್ರಾಂಶವನ್ನು ತಂದುಕೊಂಡ ಗ್ರಂಥಾಲಯವು ಬಹುಕಾಲ ಅದನ್ನು ನಡೆಸಲಾರದು.

ಕೋಹಾದ ಹುಟ್ಟಿನ ಕಥೆ ಸಣ್ಣ ಊರಿನ ಗ್ರಂಥಾಲಯಗಳಿಗೆ ಮುಖ್ಯವಾದದ್ದು. ನ್ಯೂಜಿಲೆಂಡಿನ ಲೆವಿನ್ ಎಂಬ ಪಟ್ಟಣವನ್ನು ಕೇಂದ್ರವಾಗುಳ್ಳ ಹೊರೊಫೆನುವಾ ಗ್ರಂಥಾಲಯ ಟ್ರಸ್ಟ್ ಬಳಸುತ್ತಿದ್ದ ಹಳೆಯ ತಂತ್ರಾಂಶವು 2000ದ ಇಸವಿಯನ್ನು ಗುರುತಿಸಲಾರದ್ದಾಗಿತ್ತು. ಹೊಸದನ್ನು ಕೊಳ್ಳುವ ಬದಲು 1999ರಲ್ಲಿ ಟ್ರಸ್ಟ್, ವೆಲ್ಲಿಂಗ್ಟನ್ನಿನ ಕಟಿಪೋ ಕಮ್ಯುನಿಕೇಷನ್ಸ್ ಎಂಬ ಚಿಕ್ಕ ಸಂಸ್ಥೆಯಿಂದ ತನಗೆ ಬೇಕಾದುದನ್ನು ಬರೆಸಿಕೊಂಡಿತು. 2000ದ ಜನವರಿಯಲ್ಲಿ ಅದು ಬಳಕೆಗೆ ಬಂದಿತು. ಬಳಿಕ ಅದನ್ನು ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಡಲಾಯಿತು. ‘ಕೋಹಾ’ ಮಾವೊರಿ ಭಾಷೆಯ ಪದ. ಕೊಡುಗೆ ಎಂದು ಅದರ ಅರ್ಥ. ಪಡೆದವರು ಮುಂದೊಮ್ಮೆ ಮರಳಿ ಕೊಡುವರೆಂಬ ನಿರೀಕ್ಷೆಯೂ ಆ ಪದದೊಳಗಿದೆ. ನಮ್ಮ ಮುಯ್ಯಿಯ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕದ ಓಹಾಯೋ ರಾಜ್ಯದ ನೆಲ್ಸನ್‌ವಿಲ್ ಸಾರ್ವಜನಿಕ ಗ್ರಂಥಾಲಯವು ತನಗೆ ಬೇಕಾಗಿದ್ದ ‘ಮಾರ್ಕ್’ ಎಂಬ ಅಂತರರಾಷ್ಟ್ರೀಯ ದಾಖಲೆ ಮಾದರಿಯನ್ನು ಹಣ ಕೊಟ್ಟು ಸೇರಿಸಿಸಿತು. ಸೇರಿದ ಮೇಲೆ ಅದು ಎಲ್ಲರದಾಯಿತು. ಫ್ರಾನ್ಸಿನವರು ಫ್ರೆಂಚ್ ಭಾಷೆಗೆ ಬೇಕಾದುದನ್ನು ಸೇರಿಸಿದರು. ಮುಂದೆ ‘ಕೋಹಾ’ ಎಂಬ ಹೆಸರಿನ ಮೇಲೆಯೇ ವ್ಯಾಪಾರಚಿಹ್ನೆಯ ಹಕ್ಕನ್ನು ಸಂಸ್ಥೆಯೊಂದು ಕೋರಿದಾಗ ಆ ಚಿಕ್ಕ ಟ್ರಸ್ಟ್ ವಿರೋಧಿಸಿತು. 2013ರಲ್ಲಿ ನ್ಯೂಜಿಲೆಂಡಿನ ಬೌದ್ಧಿಕ ಸ್ವಾಮ್ಯ ಕಚೇರಿ ಆ ಕೋರಿಕೆಯನ್ನು ತಳ್ಳಿಹಾಕಿತು. 2011ರಲ್ಲಿ ಕೋಹಾ ಬಳಕೆದಾರರ ಅಂತರರಾಷ್ಟ್ರೀಯ ಸಮಾವೇಶ ಮಹಾರಾಷ್ಟ್ರದ ಠಾಣೆಯಲ್ಲಿ ನಡೆದುದನ್ನೂ ಇಲ್ಲಿ ನೆನೆಯಬಹುದು.

ತಂತ್ರಾಂಶವನ್ನು ಊರಿಗೆ ತಕ್ಕಂತೆ ಒಗ್ಗಿಸಿಕೊಳ್ಳುವುದು ಎಂದರೆ ಅದರ ಸಂಕೇತವನ್ನು ತಿದ್ದುವುದು ಎಂಬ ಭಾವನೆ ಬಹಳ ಜನರಲ್ಲಿದೆ. ಬಹುಪಾಲು ಅಗತ್ಯಗಳಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಎಷ್ಟು ದಿನಕ್ಕೆ ಪುಸ್ತಕ ಎರವಲು, ದಂಡ ಎಷ್ಟು, ಯಾವ ಬಗೆಯ ಸದಸ್ಯರಿಗೆ ಎಷ್ಟು ಪುಸ್ತಕ ಎಂಬುವೆಲ್ಲ ಆಯ್ಕೆಗಳಿಂದಲೇ ನಿರ್ಧಾರವಾಗುತ್ತವೆ. ಮುಖಪುಟದ ನೋಟವನ್ನು ಬದಲಿಸಲು, ಬೇಡದ ಗುಂಡಿಗಳನ್ನು ಮರೆಮಾಡಲು ಅದಕ್ಕೆಂದೇ ಇಟ್ಟಿರುವ ಜಾಗಗಳಿವೆ. ನೂರಾರು ಅಂಕಣಗಳ ‘ಮಾರ್ಕ್’ ನಮೂನೆ ಹಳ್ಳಿಯ ಮೇಲ್ವಿಚಾರಕರನ್ನು ಬೆದರಿಸುವಂಥದ್ದು. ಅದನ್ನು ಹತ್ತು ಹನ್ನೆರಡು ಅಂಕಣಗಳ ಕಿರು ಚೌಕಟ್ಟಾಗಿ ಇಳಿಸಿಕೊಳ್ಳುವುದಕ್ಕೂ ಅವಕಾಶವಿದೆ. ಇವುಗಳಿಂದ ಆಗದುದಕ್ಕೆ ಪ್ರತ್ಯೇಕವಾಗಿ ಜೋಡಿಸುವ ಪೂರಕ ತಂತ್ರಾಂಶಗಳುಂಟು. ಮೂಲ ಸಂಕೇತಕ್ಕೆ ಕೈಹಾಕುವುದು ಕೊನೆಯ ಉಪಾಯ. ಕೋಹಾದ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ, ಮೇ ಮತ್ತು ನವೆಂಬರ್ ತಿಂಗಳುಗಳಲ್ಲಿ ಹೊರಬರುತ್ತದೆ. ಊರಿನ ಹುಡುಗನೊಬ್ಬನು ತನ್ನ ಯಂತ್ರದಲ್ಲಿ ಮಾತ್ರ ಮಾಡಿದ ತಿದ್ದುಪಡಿ ಮುಂದಿನ ಆವೃತ್ತಿಯನ್ನು ಹಾಕಿದೊಡನೆ ಅಳಿಸಿಹೋಗುತ್ತದೆ. ಅವನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದರೆ ಅದನ್ನು ಮತ್ತೆ ಮಾಡುವವರಿಲ್ಲ. ಅದೇ ತಿದ್ದುಪಡಿ ಸಮುದಾಯದ ಮೂಲಕ್ಕೆ ಸೇರಿದ್ದರೆ ಅದನ್ನು ಕಾಯುವ ಹೊಣೆ ಹಲವರ ಪಾಲಿಗೆ ಬರುತ್ತದೆ. ಸಮುದಾಯದ ನೆರವೆಂಬುದು ಪ್ರಯೋಜನಕ್ಕೆ ಬರುವುದು ಮುಖ್ಯವಾಗಿ ಈ ಕಾರಣದಿಂದ.

ಕನ್ನಡದ ನಿಜವಾದ ತೊಡಕು ಇರುವುದು ಪರದೆಯ ಮೇಲಿನ ಪದಗಳಲ್ಲಿ ಅಲ್ಲ, ಅವುಗಳ ಹಿಂದಿರುವ ಹುಡುಕಾಟದ ಸೂಚಿಯಲ್ಲಿ. ಊರಿನ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ‘ನೊಣವಿನಕೆರೆ’ ಎಂಬಲ್ಲಿಯ ಮೊದಲ ಅಕ್ಷರ ‘ನೊ’. ಯೂನಿಕೋಡ್ ವ್ಯವಸ್ಥೆಯಲ್ಲಿ ಇದರ ಒಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ನಿಯಮಕ್ಕೆ ಒಪ್ಪುವಂಥವೇ. ಕಣ್ಣಿಗೆ ಎರಡೂ ಒಂದೇ. ನುಡಿ, ಬರಹ ಮೊದಲಾದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾಗಿದ್ದ ಪುಸ್ತಕಪಟ್ಟಿಯನ್ನು ಎಚ್ಚರವಿಲ್ಲದ ಪರಿವರ್ತಕವೊಂದು ಯೂನಿಕೋಡಿಗೆ ತಂದಾಗ ಎರಡನೆಯ ರೂಪ ಉಳಿಯಬಹುದು. ಓದುಗನು ಇಂದಿನ ಕೀಲಿಮಣೆಯಿಂದ ಟಂಕಿಸುವುದು ಮೊದಲನೆಯ ರೂಪವನ್ನು. ಈ ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವ ಸಾಮಾನ್ಯೀಕರಣದ ನಿಯಮ ಸೂಚಿಯಲ್ಲಿ ಇಲ್ಲದಿದ್ದರೆ ನೊಣವಿನಕೆರೆಯನ್ನು ಕುರಿತ ಪುಸ್ತಕ ನೊಣವಿನಕೆರೆಯಲ್ಲಿಯೇ ಸಿಗುವುದಿಲ್ಲ.

ಕೋಹಾದ ಸೂಚಿಯನ್ನು ಕಟ್ಟುವ ಕೆಲಸವನ್ನು ಬಹುಕಾಲದಿಂದ ‘ಝೀಬ್ರಾ’ ಎಂಬ ಘಟಕ ಮಾಡುತ್ತ ಬಂದಿದೆ. ಅದು ಅಕ್ಷರಗಳನ್ನು ಎರಡು ರೀತಿಗಳಲ್ಲಿ ಗ್ರಹಿಸಬಲ್ಲದು. ಒಂದು, ಮುಂಚೆಯೇ ಬರೆದಿಟ್ಟ ಅಕ್ಷರಪಟ್ಟಿಯ ಕ್ರಮ. ಇದು ರೋಮನ್ ಲಿಪಿಗೆ ಸಾಕು. ಎರಡು, ‘ಐಸಿಯು’ ಎಂಬ ಯೂನಿಕೋಡ್ ಸಾಧನದ ಕ್ರಮ. ಕನ್ನಡಕ್ಕೆ ಬೇಕಾದುದು ಇದು. ಸ್ಥಾಪನೆಯ ವೇಳೆ ಮೊದಲನೆಯದನ್ನು ಆರಿಸಿಕೊಂಡು, ಸಾವಿರಾರು ಪುಸ್ತಕಗಳನ್ನು ನಮೂದಿಸಿದ ಮೇಲೆ ‘ಕನ್ನಡದಲ್ಲಿ ಹುಡುಕಾಟ ನಡೆಯುತ್ತಿಲ್ಲ’ ಎಂದು ತಂತ್ರಾಂಶವನ್ನೇ ಬಿಡುವವರಿಗೆ ಬೇಕಾದುದು ಇದೊಂದು ಮಾತು: ಕ್ರಮವನ್ನು ಬದಲಿಸಿ ಸೂಚಿಯನ್ನು ಆಮೂಲಾಗ್ರವಾಗಿ ಮರುಕಟ್ಟಿದರೆ ಸಾಕು, ನಮೂದಿಸಿದ ದತ್ತಾಂಶಕ್ಕೆ ಧಕ್ಕೆಯಿಲ್ಲ.

ಐಸಿಯು ಕ್ರಮದಲ್ಲಿಯೂ ಅಪಾಯಗಳಿಲ್ಲದಿಲ್ಲ. ಫ್ರೆಂಚ್ ಮೊದಲಾದ ಭಾಷೆಗಳ ಅಕ್ಷರಗಳ ಮೇಲೆ ಬರುವ ಉಚ್ಚಾರಣೆಯ ಗುರುತುಗಳನ್ನು ಕಳಚಿಹಾಕುವ ನಿಯಮವೊಂದುಂಟು. ಗುರುತಿಲ್ಲದೆ ಟಂಕಿಸಿದವನಿಗೂ ಪುಸ್ತಕ ಸಿಗಲಿ ಎಂಬುದು ಅದರ ಸದುದ್ದೇಶ. ಮೊದಲು ಸಂಯುಕ್ತ ಚಿಹ್ನೆಗಳನ್ನು ಬಿಡಿಸಿ, ಆಮೇಲೆ ಸ್ವತಂತ್ರ ಅಗಲವಿಲ್ಲದ ಚಿಹ್ನೆಗಳನ್ನು ಅಳಿಸುವುದು ಅದರ ರೀತಿ. ಕನ್ನಡದ ಇಕಾರ, ಎಕಾರಗಳ ಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ಯೂನಿಕೋಡಿನ ವರ್ಗೀಕರಣದಲ್ಲಿ ಇದೇ ಗುಂಪಿಗೆ ಸೇರಿವೆ. ಹೀಗಾಗಿ ಈ ನಿಯಮವನ್ನು ಕನ್ನಡಕ್ಕೆ ಅನ್ವಯಿಸಿದರೆ ‘ನೊಣವಿನಕೆರೆ’ಯು ಸೂಚಿಯೊಳಗೆ ‘ನೂಣವನಕರ’ ಆಗಿಬಿಡುತ್ತದೆ. ‘ಕರೆ’, ‘ಕೆರೆ’, ‘ಕಿರಿ’ ಮೂರೂ ‘ಕರ’ ಎಂಬ ಒಂದೇ ಪದವಾಗುತ್ತವೆ. ಕೆರೆಯ ಹೂಳಿನ ಪುಸ್ತಕ ಕೇಳಿದವನಿಗೆ ಕರ ವಸೂಲಿಯ ಪುಸ್ತಕವೂ ಬರುತ್ತದೆ. ಇದನ್ನು ಫ್ರಾನ್ಸಿನ ಪ್ರೋಗ್ರಾಮರನು ಕಂಡುಹಿಡಿಯಲಾರನು. ಅವನ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ತಪ್ಪು ಗೋಚರಿಸುವುದು ಕನ್ನಡ ಓದಬಲ್ಲವನಿಗೆ ಮಾತ್ರ. ಕನ್ನಡ ಬಲ್ಲ ಮೇಲ್ವಿಚಾರಕರು ‘ನಮಗೆ ತಂತ್ರಜ್ಞಾನ ತಿಳಿಯದು’ ಎಂದು ಸಂಕೋಚಪಟ್ಟು ಸುಮ್ಮನಿದ್ದರೆ ಆ ತಪ್ಪು ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ.

ಕಣ್ಣಿಗೆ ಕಾಣದ ಸಂಧಿಚಿಹ್ನೆಗಳ ಸಮಸ್ಯೆಯೂ ಇಂಥದೇ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ ಒಂದು ಅದೃಶ್ಯ ಸಂಕೇತ ಬೇಕಾಗುತ್ತದೆ. ಹುಡುಕುವವನು ಅದನ್ನು ಟಂಕಿಸುವುದು ಅಪರೂಪ. ವಿಭಕ್ತಿ ಪ್ರತ್ಯಯಗಳದು ಇನ್ನೊಂದು ಬಗೆ. ‘ಕೊಬ್ಬರಿ’ ಎಂದು ಹುಡುಕಿದವನಿಗೆ ‘ಕೊಬ್ಬರಿಯ’ ಎಂಬುದು ಸಿಗಬೇಕಾದರೆ ಪದದ ಬಾಲವನ್ನು ಸಡಿಲ ಬಿಡುವ ಆಯ್ಕೆಯನ್ನು ಚಾಲೂ ಮಾಡಬೇಕು. ಇದು ಆಡಳಿತದ ಪುಟದಲ್ಲಿಯೇ ಇದೆ. ಆದರೆ ‘ತೆಂಗು’ ಎಂದವನಿಗೆ ‘ತೆಂಗಿನ’ ಎಂಬುದು ಈ ಉಪಾಯದಿಂದಲೂ ದೊರೆಯದು. ‘ತೆಂಗ’ ಎಂದು ಟಂಕಿಸಿದರೆ ಮಾತ್ರ ಎರಡೂ ದೊರೆಯುತ್ತವೆ. ಯಾವ ಓದುಗನೂ ಹಾಗೆ ಟಂಕಿಸುವುದಿಲ್ಲವಾದ್ದರಿಂದ ಇಲ್ಲಿ ವಿಷಯಶೀರ್ಷಿಕೆಯೇ ಗತಿ.

ಲೇಖಕರ ಹೆಸರುಗಳ ವಿಚಾರ ಇನ್ನೂ ಸ್ವಾರಸ್ಯದ್ದು. ಅದಕ್ಕೆ ಸಾಮಗ್ರಿ ಈ ಸೀಮೆಯಲ್ಲಿಯೇ ಇದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು ತೀ.ನಂ.ಶ್ರೀಕಂಠಯ್ಯ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದವರು ಬಿ.ಎಂ.ಶ್ರೀಕಂಠಯ್ಯ. ಬರಿಯ ‘ಶ್ರೀಕಂಠಯ್ಯ’ ಎಂದು ಹುಡುಕಿದರೆ ಇಬ್ಬರೂ ಬೆರೆಯುತ್ತಾರೆ. ‘ಶ್ರೀ’ ಎಂದು ಹುಡುಕಿದರೆ ಅರ್ಧ ಗ್ರಂಥಾಲಯವೇ ಎದ್ದುಬರುತ್ತದೆ. ‘ತೀ.ನಂ.ಶ್ರೀ.’ ಎಂದು ಎಡೆ ಬಿಡದೆ ಬರೆದರೆ ಐಸಿಯು ಅದನ್ನು ಒಂದೇ ಪದವೆಂದು ಗ್ರಹಿಸುತ್ತದೆ. ಚುಕ್ಕಿಗಳನ್ನು ತೆಗೆಯುವ ನಿಯಮವಿದ್ದಲ್ಲಿ ಅದು ‘ತೀನಂಶ್ರೀ’ ಎಂಬುದಕ್ಕೆ ಸರಿಹೊಂದುತ್ತದೆ. ‘ತೀ. ನಂ. ಶ್ರೀ.’ ಎಂದು ನಡುವೆ ಎಡೆ ಬಿಟ್ಟರೆ ಮೂರು ಬೇರೆ ಬೇರೆ ಪದಗಳು. ಒಂದೇ ಗ್ರಂಥಾಲಯದಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯ ಎರಡು ಪ್ರತಿಗಳು ಇಬ್ಬರು ಲೇಖಕರ ಹೆಸರಿನಲ್ಲಿ ದಾಖಲಾಗುವುದು ಹೀಗೆ. ಬೀಚಿಯವರಂತೂ ತಮ್ಮ ಕಾವ್ಯನಾಮದ ಮೊದಲಕ್ಷರವನ್ನು ಕನ್ನಡದಲ್ಲಿ, ಉಳಿದುದನ್ನು ರೋಮನ್ ಲಿಪಿಯಲ್ಲಿ ಬರೆದು ಸೂಚೀಕಾರರನ್ನು ಮುಂಚಿತವಾಗಿಯೇ ಹಾಸ್ಯ ಮಾಡಿದ್ದಾರೆನ್ನಬೇಕು.

ಇದಕ್ಕೆ ಗ್ರಂಥಾಲಯ ವಿಜ್ಞಾನದಲ್ಲಿ ಹಳೆಯ ಪರಿಹಾರವಿದೆ. ಪ್ರತಿಯೊಬ್ಬ ಲೇಖಕರಿಗೂ ಒಂದು ಅಧಿಕೃತ ನಾಮದಾಖಲೆ ಮಾಡಿ, ಉಳಿದ ರೂಪಗಳನ್ನೆಲ್ಲ ‘ನೋಡಿ’ ಎಂದು ಅದಕ್ಕೆ ಜೋಡಿಸುವುದು. ಕೋಹಾದಲ್ಲಿ ಇದಕ್ಕೆ ಪೂರ್ಣ ಏರ್ಪಾಡು ಇದೆ. ಇಲ್ಲದಿರುವುದು ದಾಖಲೆಗಳು. ಕುವೆಂಪು ಮತ್ತು ಕೆ.ವಿ.ಪುಟ್ಟಪ್ಪ, ಶ್ರೀರಂಗ ಮತ್ತು ಆದ್ಯ ರಂಗಾಚಾರ್ಯ ಎಂಬ ಜೋಡಣೆಯನ್ನು ಪ್ರತಿಯೊಂದು ಗ್ರಂಥಾಲಯವೂ ಮತ್ತೆ ಮತ್ತೆ ಮಾಡುತ್ತ ಕೂರುವುದು ವ್ಯರ್ಥಶ್ರಮ. ಒಬ್ಬರು ಮಾಡಿದ ದಾಖಲೆಯನ್ನು ಮಾರ್ಕ್ ಕಡತವಾಗಿ ಇನ್ನೊಬ್ಬರು ತರಿಸಿಕೊಳ್ಳಬಹುದು. ಕನ್ನಡದ ಮಟ್ಟಿಗೆ ಸಮುದಾಯದಿಂದ ಆಗಬೇಕಾಗಿರುವ ಅತ್ಯಂತ ದೊಡ್ಡ ಕೆಲಸ ಇದು. ಇದಕ್ಕೆ ಪ್ರೋಗ್ರಾಮಿಂಗ್ ತಿಳಿದಿರಬೇಕಾದ ಅಗತ್ಯವೇ ಇಲ್ಲ.

ಇಂಥ ಸಮೂಹಶ್ರಮಕ್ಕೆ ಕನ್ನಡದಲ್ಲಿ ಮಾದರಿ ಇಲ್ಲದಿಲ್ಲ. 2013ರಲ್ಲಿ ‘ವಚನ ಸಂಚಯ’ವನ್ನು ರೂಪಿಸಿದ ಸಂಚಯ ತಂಡದವರು ಮುಂದೆ ‘ಪುಸ್ತಕ ಸಂಚಯ’ವನ್ನು ಕೈಗೊಂಡರು. ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಕನ್ನಡ ಪುಸ್ತಕಗಳ ಹೆಸರುಗಳು ರೋಮನ್ ಲಿಪಿಯಲ್ಲಿ, ಗುರುತು ಹಿಡಿಯಲಾಗದ ಕಾಗುಣಿತದಲ್ಲಿ ದಾಖಲಾಗಿದ್ದವು. ಅವುಗಳನ್ನು ಕನ್ನಡ ಲಿಪಿಗೆ ತರುವ ಕೆಲಸವನ್ನು ಬಿಡಿಬಿಡಿಯಾಗಿ ಆಸಕ್ತರಿಗೆ ಹಂಚಿ ಮಾಡಿಸಲಾಯಿತು. ಪುಸ್ತಕ ಇದ್ದೂ ಸಿಗದ ಸ್ಥಿತಿ ನೊಣವಿನಕೆರೆಯ ಬೆಳೆಗಾರನದು ಮಾತ್ರವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಪರದೆಯ ಭಾಷಾಂತರಕ್ಕೆ ಬಂದರೆ, ಕೋಹಾದಲ್ಲಿ ಕನ್ನಡಕ್ಕೂ ಅನುವಾದದ ಕಡತಗಳಿವೆ. ಯಾರು ಬೇಕಾದರೂ ಸೇರಿ ತುಂಬಬಹುದು. ಪದಗಳ ಆಯ್ಕೆಯಲ್ಲಿ ಎಚ್ಚರ ಬೇಕು. ‘ಚೆಕ್ ಔಟ್’ ಎಂಬುದಕ್ಕೆ ಕೌಂಟರಿನಲ್ಲಿ ಬಳಕೆಯಲ್ಲಿರುವ ಮಾತು ‘ಎರವಲು’ ಅಥವಾ ‘ವಿತರಣೆ’. ‘ಪೇಟ್ರನ್’ ಎಂಬುದನ್ನು ‘ಪೋಷಕ’ ಎಂದು ನಿಘಂಟು ನೋಡಿ ಬರೆದರೆ ಸದಸ್ಯನ ಬದಲು ಮಠಕ್ಕೆ ದೇಣಿಗೆ ಕೊಟ್ಟವರು ನೆನಪಾಗುತ್ತಾರೆ. ಪದಕ್ಕಿಂತ ವಾಕ್ಯ ಕಷ್ಟದ್ದು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು, ಹೆಸರು ಆಮೇಲೆ ಬರುವ ಕಡೆಗಳಲ್ಲಿ ಕನ್ನಡದ ಕ್ರಿಯಾಪದ ಕೊನೆಗೆ ಹೋಗಬೇಕು. ಹೆಸರು ಬಂದು ಕೂರುವ ಸ್ಥಾನಸೂಚಿಗೆ ‘ಗೆ’ ಎಂಬ ಪ್ರತ್ಯಯವನ್ನು ನೇರವಾಗಿ ಅಂಟಿಸಿದರೆ ಒಂದು ಹೆಸರಿಗೆ ಸರಿಯಾಗಿ ಇನ್ನೊಂದಕ್ಕೆ ತಪ್ಪುತ್ತದೆ. ‘ಅವರಿಗೆ’ ಎಂದು ಬಿಡಿಯಾಗಿ ಬರೆದರೆ ವ್ಯಾಕರಣವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ನೆರವು ಕೇಳುವುದಕ್ಕೂ ಒಂದು ಕ್ರಮವಿದೆ. ‘ಕನ್ನಡ ಬರುತ್ತಿಲ್ಲ’ ಎಂಬ ದೂರಿಗೆ ಯಾರೂ ಉತ್ತರಿಸಲಾರರು. ಕೋಹಾದ ಯಾವ ಆವೃತ್ತಿ, ಯಾವ ಕಾರ್ಯಾಚರಣೆ ವ್ಯವಸ್ಥೆ, ಸೂಚಿಯ ಕ್ರಮ ಯಾವುದು, ಯಾವ ಪದವನ್ನು ಹುಡುಕಲಾಯಿತು, ಏನು ಬರಬೇಕಿತ್ತು, ಏನು ಬಂದಿತು ಎಂಬುದನ್ನು ಹೇಳಿ, ಕನ್ನಡ ತಿಳಿಯದವನೂ ಅದೇ ತಪ್ಪನ್ನು ತನ್ನ ಯಂತ್ರದಲ್ಲಿ ಮರಳಿ ಕಾಣುವಂತೆ ಒಂದು ಮಾದರಿ ದಾಖಲೆಯನ್ನು ಜೊತೆಗಿಡಬೇಕು. ‘ನೊಣವಿನಕೆರೆ’ ಎಂಬ ಹೆಸರಿನ ಒಂದು ದಾಖಲೆಯನ್ನು ಎರಡು ಸಂಕೇತರೂಪಗಳಲ್ಲಿಯೂ ಕಳುಹಿಸಿದರೆ ಲೆವಿನ್ನಿನವನಿಗೂ ತೊಡಕು ಅರ್ಥವಾಗುತ್ತದೆ. ಸದಸ್ಯರ ಹೆಸರು, ವಿಳಾಸ, ಅವರು ಒಯ್ದ ಪುಸ್ತಕಗಳ ವಿವರ ಮಾತ್ರ ಯಾವ ಕಾರಣಕ್ಕೂ ಹೊರಗೆ ಹೋಗಕೂಡದು. ದೋಷ ದಾಖಲಾದ ಬಳಿಕ ತಿದ್ದುಪಡಿ ಬರುತ್ತದೆ. ಅದನ್ನು ಬರೆದವರಲ್ಲದೆ ಬೇರೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು. ಗುಣಮಟ್ಟದ ತಂಡ ನೋಡಬೇಕು. ಆಮೇಲೆ ಅದು ಮೂಲಕ್ಕೆ ಸೇರುತ್ತದೆ. ಪರೀಕ್ಷಿಸುವವರು ಸಿಗದೆ ತಿದ್ದುಪಡಿಯು ಹಾಗೆಯೇ ಕೊಳೆಯುವುದುಂಟು. ಕನ್ನಡದ ತಿದ್ದುಪಡಿಗೆ ಸಹಿ ಹಾಕಬಲ್ಲವರು ಕನ್ನಡಿಗರೇ ಆಗಿರಬೇಕಾದ್ದರಿಂದ, ಒಂದೂರಿನ ಗ್ರಂಥಾಲಯದವರು ಕೇಳಿ ಇನ್ನೊಂದೂರಿನವರು ಪರೀಕ್ಷಿಸಿ ಹೇಳುವ ಸಂಬಂಧವೊಂದು ಬೆಳೆಯದೆ ಈ ಕೆಲಸ ಮುಂದುವರಿಯದು.

ಕೊನೆಯದಾಗಿ ವಿಷಯಶೀರ್ಷಿಕೆಗಳ ಮಾತು. ತೆಂಗಿನ ಪುಸ್ತಕಗಳಿಗೆ ‘ತೋಟಗಾರಿಕೆ’ ಎಂಬ ಒಂದು ಪದವನ್ನು ಹಚ್ಚಿ ಸುಮ್ಮನಾದರೆ ಓದುಗನಿಗೆ ಪ್ರಯೋಜನವಿಲ್ಲ. ಅವನು ಕೇಳುವುದು ‘ನುಸಿ’, ‘ಸುಳಿ ಕೊಳೆ’, ‘ಹರಳು ಉದುರುವುದು’, ‘ಕಪ್ಪುತಲೆ ಹುಳು’, ‘ಉಂಡೆ ಕೊಬ್ಬರಿ’, ‘ಗಿಟುಕು’ ಎಂಬ ಮಾತುಗಳಿಂದ. ಈ ಪದಗಳನ್ನು ಪಟ್ಟಿ ಮಾಡಿ, ಇಲಾಖೆಯ ಪುಸ್ತಿಕೆಗಳಲ್ಲಿರುವ ಪಾರಿಭಾಷಿಕಗಳಿಗೆ ‘ನೋಡಿ’ ಎಂದು ಜೋಡಿಸಿಕೊಡುವ ಕೆಲಸ ಲೆವಿನ್ನಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆಗುವಂಥದಲ್ಲ. ಕೊಬ್ಬರಿ ಸುಲಿಯುವ ದಿನಗಳಲ್ಲಿ ಅಟ್ಟದ ಕೆಳಗೆ ಕುಳಿತವರನ್ನು ಕೇಳಿ ಬರೆದುಕೊಂಡರೆ ಒಂದು ವಾರದೊಳಗೆ ನೂರು ಪದಗಳಾದರೂ ಸಿಕ್ಕುತ್ತವೆ. ಅವುಗಳನ್ನು ಅಧಿಕೃತ ಶೀರ್ಷಿಕೆಗಳ ಕಡತಕ್ಕೆ ಸೇರಿಸಿ ಹೊರಗೆ ಹಂಚಿದರೆ ತುರುವೇಕೆರೆಯ ಗ್ರಂಥಾಲಯವೂ ಚಿಕ್ಕನಾಯಕನಹಳ್ಳಿಯ ಗ್ರಂಥಾಲಯವೂ ಅದನ್ನು ಹಾಗೆಯೇ ಇಳಿಸಿಕೊಳ್ಳಬಹುದು. ಕರಾವಳಿಯವರು ಇಳಿಸಿಕೊಂಡು, ತಮ್ಮಲ್ಲಿ ಅದೇ ರೋಗಕ್ಕೆ ಬೇರೆ ಹೆಸರಿದೆಯೆಂದು ಇನ್ನೊಂದು ಸಾಲು ಸೇರಿಸಿ ಮರಳಿಸಲೂಬಹುದು.